ಸಾಹಸಕ್ಕೆ ಹೊರಟ ಜೋಡಿಗಳೂ ನನ್ನ ಫಿಟ್‌ನೆಸ್ ಸರ್ಟಿಫಿಕೇಟೂ

ಮಾರ್ಚ್ ಮುಗಿಯುತ್ತಿದ್ದ ಹಾಗೆ ನನ್ನ ಕ್ಲಿನಿಕ್ಕಿಗೆ ಯಾವ ಕಾಯಿಲೆಯೂ ಇಲ್ಲದ ರೋಗಿಗಳು ಬರಲು ಶುರುಮಾಡುತ್ತಾರೆ. ವರ್ಷಾ ವರ್ಷಾ ಇದು ತಪ್ಪಿದ್ದಿಲ್ಲ. ವಿಶೇಷ ಅಂದರೆ ಅವರು ಜೋಡಿಯಾಗಿಯೇ ಬರುತ್ತಾರೆ.

ಮೊದಲೆಲ್ಲ ನಮ್ಮ ಕಡೆಯವರು ರಜೆ ಸಿಕ್ಕರೆ ದೇವಸ್ಥಾನಕ್ಕೋ ಬೀಗರ ಮನೆಗೋ ಹೋಗಿ ಬರುತ್ತಿದ್ದರು. ಅದಕ್ಕೆ ಡಾಕ್ಟರ ಅಪ್ಪಣೆ ಬೇಕಿರಲಿಲ್ಲ. ಈಗ ಎಲ್ಲರಿಗೂ ಬೆಟ್ಟ ಹತ್ತಬೇಕು, ಹೊಳೆಯಲ್ಲಿ ತೇಲಬೇಕು, ಗಾಳಿಯಲ್ಲಿ ಹಾರಬೇಕು. ಕೆಲವು ಜಾಗಗಳಲ್ಲಿ 'ಈ ಮನುಷ್ಯ ಗಟ್ಟಿಯಾಗಿದ್ದಾನೆ' ಅಂತ ಡಾಕ್ಟರು ಬರೆದುಕೊಟ್ಟ ಸರ್ಟಿಫಿಕೇಟ್ ಕೇಳುತ್ತಾರೆ. ಮನೆಯಲ್ಲಿ ಒಬ್ಬರಿಗೆ ಹೋಗುವ ಹುಚ್ಚು, ಇನ್ನೊಬ್ಬರಿಗೆ ಸುತರಾಂ ಬೇಡ. ಹೀಗಾಗಿ ಗಂಡ ಹೆಂಡಿರ ಜಗಳ ಅಲ್ಲಿ ಬಗೆಹರಿಯದೆ ನನ್ನ ಟೇಬಲ್ಲಿಗೆ ಬರುತ್ತದೆ. ನಾನು ಬುಧವಾರ ಸಿರುಗುಪ್ಪದಲ್ಲಿ, ಶನಿವಾರ ಕುರುಗೋಡಿನಲ್ಲಿ, ಉಳಿದ ದಿನ ಬಳ್ಳಾರಿಯಲ್ಲಿ ಕೂರುತ್ತೇನೆ. ಮೂರೂ ಊರಲ್ಲಿ ಇದೇ ಕಥೆ. ಯಾರ ಹೆಸರನ್ನೂ ಹೇಳುವುದಿಲ್ಲ. ಎಲ್ಲರೂ ಇನ್ನೂ ನನ್ನ ಹತ್ತಿರವೇ ಬರುತ್ತಾರೆ.

೧. ಹದಿನೆಂಟು ಮೆಟ್ಟಿಲು

ಬಳ್ಳಾರಿಯ ನನ್ನ ಕ್ಲಿನಿಕ್ ಇರುವುದು ಒಂದು ಔಷಧಿ ಅಂಗಡಿಯ ಮೇಲೆ, ಮೊದಲನೇ ಮಹಡಿಯಲ್ಲಿ. ಒಂದು ಬೆಳಿಗ್ಗೆ ಬಟ್ಟೆ ವ್ಯಾಪಾರಿಯೊಬ್ಬರ ಹೆಂಡತಿ ಒಬ್ಬರೇ ಬಂದು ಕುಳಿತರು. ಗಂಡನಿಗೆ ಮಕ್ಕಳನ್ನೂ ಇವರನ್ನೂ ಕಟ್ಟಿಕೊಂಡು ಹಿಮಾಲಯದಲ್ಲಿ ಏಳು ದಿನ ಚಾರಣ ಮಾಡಬೇಕಂತೆ. ಇವರಿಗೆ ಊಟಿ ಸಾಕಂತೆ.

"ನಮ್ಮ ಮನಿಯವರು ಓಣಿ ಮೂಲಿ ಅಂಗಡಿಯಿಂದ ಮೊಸರು ತರಾಕ ಸ್ಕೂಟರ್ ತಗೀತಾರ್ರಿ," ಅಂದರು. "ಇಂಥವರು ಹಿಮಾಲಯ ಹತ್ತತಾರಂತ. ನಾನು ಬ್ಯಾಡ ಅಂದ್ರ ನನ್ನ ಅಂಜುಬುರುಕಿ ಅಂತಾರ."

"ಅವರನ್ನ ನೋಡದ ನಾನು ಏನು ಬರೀಲಮ್ಮ? ಎಲ್ಲದಾರ?"

"ಕೂಡೇ ಬಂದಾರ. ಕೆಳಗ ಅದಾರ."

ಅಷ್ಟರಲ್ಲಿ ನನ್ನ ಫೋನು ಹೊಡೆದುಕೊಂಡಿತು. ಅದೇ ವ್ಯಾಪಾರಿ.

"ಡಾಕ್ಟರೇ, ನಮಸ್ಕಾರ. ಔಷಧಿ ಅಂಗಡ್ಯಾಗ ಕುಂತೀನಿ. ಅಭ್ಯಾಸ ಆಗ್ಲಿ ಅಂತ ಬೆಟ್ಟ ಹತ್ತೋ ಬೂಟು ಹಾಕ್ಕೊಂಡು, ಬೆನ್ನಿಗೆ ಚೀಲ ಏರಿಸಿಕೊಂಡು ಬಂದೀನಿ. ಮೆಟ್ಲು ಅರ್ಧಕ್ಕ ಬಂದು ವಾಪಸ್ ಇಳದೆ. ನೀವೇ ಸ್ವಲ್ಪ ಸರ್ಟಿಫಿಕೇಟ್ ತಗೊಂಡು ಕೆಳಗ ಬರ್ರಿ."

ಇಳಿದು ಹೋದೆ. ಮನುಷ್ಯ ಬೆವರಿನಲ್ಲಿ ತೊಯ್ದು ಸ್ಟೂಲಿನ ಮೇಲೆ ಕುಳಿತಿದ್ದರು. ಅಂಗಡಿಯವನು ಕೊಟ್ಟ ಗ್ಲೂಕೋಸ್ ನೀರು ಕುಡಿಯುತ್ತಿದ್ದರು. ಎದೆ, ಬಿಪಿ ಎಲ್ಲ ನೋಡಿದೆ, ತೊಂದರೆ ಏನೂ ಇರಲಿಲ್ಲ. ನಡೆದು ರೂಢಿ ಇರಲಿಲ್ಲ ಅಷ್ಟೆ. ಮೂರು ತಿಂಗಳು ದಿನಾ ನಡೆಯಿರಿ, ಆಮೇಲೆ ಹಿಮಾಲಯದ ಮಾತು ಅಂದೆ. ಹೆಂಡತಿ ಮೇಲಿನಿಂದಲೇ ಬಗ್ಗಿ ನೋಡಿ, ಹಾಗಾದರೆ ಊಟಿ ಅಂದರು.

"ಅಲ್ಲರೀ, ಇರೂದು ಹದಿನೆಂಟು ಮೆಟ್ಲು," ಅಂದೆ ನಾನು.

"ಖರೆ ಐತ್ರಿ," ಅಂದರು ವ್ಯಾಪಾರಿ. "ಆದ್ರ ಹದಿನೆಂಟೂ ಮ್ಯಾಲಕ್ಕೇ ಹೋಗ್ತಾವ."

೨. ಹರಿಯುವ ನೀರು ಆಗದವರು

ಸಿರುಗುಪ್ಪದಲ್ಲಿ ರೈಸ್ ಮಿಲ್ ಇಟ್ಟಿರುವ ಸಾವ್ಕಾರರೊಬ್ಬರಿದ್ದಾರೆ. ಅವರ ಹೆಂಡತಿಯ ತವರು ಆಂಧ್ರದ ಕಡೆ, ಸಿಟ್ಟು ಬಂದರೆ ಮಾತು ತೆಲುಗಿಗೆ ಹೊರಳುತ್ತದೆ. ಆಕೆಗೆ ಸಂಸಾರ ಸಮೇತ ರಾಫ್ಟಿಂಗಿಗೆ ಹೋಗಬೇಕು, ಅಂದರೆ ರಬ್ಬರ್ ದೋಣಿಯಲ್ಲಿ ಕುಳಿತು ರಭಸದ ಹೊಳೆ ಇಳಿಯಬೇಕು. ಸಾವ್ಕಾರರು ಕುರ್ಚಿ ಎಳೆದುಕೊಂಡು ನನ್ನ ಕಿವಿಯ ಹತ್ತಿರ ಬಂದರು.

"ನನಗ ನೀರಿನ ಅಲರ್ಜಿ ಐತಿ ಅಂತ ಬರದುಬಿಡ್ರಿ."

"ದಿನಾ ಸ್ನಾನ ಮಾಡ್ತೀರಲ್ಲ?"

"ಬಕೀಟಿನ ನೀರು ಆಗತೈತ್ರಿ. ಹರಿಯೋ ನೀರು ಆಗಂಗಿಲ್ಲ."

ಹೆಂಡತಿಗೆ ಕೇಳಿಸಿತು. "ಈಯನ ಧೈರ್ಯಂ ಚೂಶಾರಾ," ಇವರ ಧೈರ್ಯ ನೋಡಿದಿರಾ ಅಂತ ನನ್ನನ್ನೇ ಕೇಳಿದರು. ಆಮೇಲೆ ಕನ್ನಡದಲ್ಲಿ, "ಕಾಲುವಿ ನೀರಾಗ ಬೆಳದ ಭತ್ತದ ಮ್ಯಾಲ ಬದುಕೋರಿಗೆ ಹರಿಯೋ ನೀರು ಆಗಂಗಿಲ್ಲಂತ," ಅಂದರು.

ನಾನು ಒಂದು ರಾಜಿ ಹೇಳಿದೆ. ಬರುವ ಭಾನುವಾರ ಇಬ್ಬರೂ ಕೆಂಚನಗುಡ್ಡಕ್ಕೆ ಹೋಗಿ, ಅಲ್ಲಿ ತುಂಗಭದ್ರೆಯಲ್ಲಿ ತೆಪ್ಪ ಹತ್ತಿ ಒಂದು ಸುತ್ತು ಬರಲಿ. ಭಯ ಬಿಟ್ಟರೆ ರಾಫ್ಟಿಂಗು, ಬಿಡದಿದ್ದರೆ ಇಲ್ಲ. ಇಬ್ಬರೂ ಒಪ್ಪಿದರು.

ಮುಂದಿನ ಬುಧವಾರ ಹೆಂಡತಿ ಒಬ್ಬರೇ ಬಂದು, "ನನಗೊಬ್ಬಾಕಿಗೇ ಬರದು ಕೊಡ್ರಿ, ನಾನು ತಂಗಿ ಕೂಡ ಹೋಗ್ತೀನಿ," ಅಂದರು. ತೆಪ್ಪದ ಕಥೆ ಏನಾಯಿತು ಅಂತ ಕೇಳಿದೆ.

ಸಾವ್ಕಾರರು ತೆಪ್ಪದೊಳಗೆ ಕಾಲಿಟ್ಟವರೇ ತಳಕ್ಕೆ ಕುಕ್ಕರಿಸಿ, ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡು, ಒಂದು ಕೈಯಲ್ಲಿ ತೆಪ್ಪದ ಅಂಚು, ಇನ್ನೊಂದು ಕೈಯಲ್ಲಿ ಹೆಂಡತಿಯ ಕೈ ಹಿಡಿದು ಶಿವನಾಮ ಶುರುಮಾಡಿದರಂತೆ. ತೆಪ್ಪ ಆ ಕಡೆ ಈ ಕಡೆ ವಾಲಿತಂತೆ. ಸ್ವಲ್ಪ ಹೊತ್ತಾದ ಮೇಲೆ ಕಣ್ಣು ಮುಚ್ಚಿಕೊಂಡೇ ಕೂಗಿದರಂತೆ: "ಸಾಕಪ್ಪ ಸಾಕು. ನಡು ಹೊಳಿ ಭಾಳ ಜೋರೈತಿ. ದಂಡಿಗೆ ತಿರುಗಿಸು."

ತೆಪ್ಪದವನು ದಂಡೆಯ ಮೇಲಿನಿಂದ ಹೇಳಿದನಂತೆ: "ಸಾವ್ಕಾರ್ರ, ನಾನಿನ್ನೂ ಹತ್ತೇ ಇಲ್ರಿ."

೩. ಹದಿನೈದು ನಿಮಿಷ

ಕುರುಗೋಡಿನಲ್ಲಿ ಒಬ್ಬ ನಿವೃತ್ತ ಮೇಷ್ಟ್ರು. ಅವರಿಗೆ ಕಾಶಿಗೆ ಹೋಗುವ ಆಸೆ. ಅವರ ಹೆಂಡತಿಗೆ ಹಾರುವ ಆಸೆ. ದೊಡ್ಡ ಕೊಡೆಯಂಥ ಬಟ್ಟೆಗೆ ಕಟ್ಟಿಸಿಕೊಂಡು, ಬೆನ್ನಿಗೆ ಒಬ್ಬ ಪಳಗಿದವನನ್ನು ಇಟ್ಟುಕೊಂಡು ಬೆಟ್ಟದ ತುದಿಯಿಂದ ಗಾಳಿಗೆ ಇಳಿಯುತ್ತಾರಲ್ಲ, ಅದು. ಮೊಬೈಲಿನಲ್ಲಿ ನೋಡಿದ್ದರಂತೆ.

"ಆಕಿ ಮೊಣಕಾಲು ಸರಿ ಇಲ್ಲ ಅಂತ ಬರೀರಿ," ಅಂತ ಮೇಷ್ಟ್ರು ಪಿಸುಗುಟ್ಟಿದರು.

"ದಿನಾ ಬೆಳಿಗ್ಗಿ ಗುಡ್ಡ ಹತ್ತಿ ಇಳೀತೀನಿ. ಯಾವ ಮೊಣಕಾಲು?" ಅಂದರು ಆಕೆ, ಹೊರಗಿನ ಬೆಂಚಿನಿಂದಲೇ.

ಆಕೆಯನ್ನು ಒಳಗೆ ಕರೆದು ಪರೀಕ್ಷೆ ಮಾಡಿದೆ. ಆರೋಗ್ಯ ನನಗಿಂತ ಚೆನ್ನಾಗಿತ್ತು. ಮೇಷ್ಟ್ರ ಮುಖ ಇಷ್ಟಾಯಿತು. ಆಕೆಯನ್ನು ಹೊರಗೆ ಕಳಿಸಿ, "ಸಾರ್, ಖರೆ ಹೇಳ್ರಿ, ಒಳಗ ಏನು ಭಯ ಐತಿ?" ಅಂತ ಕೇಳಿದೆ.

ಅವರು ಕನ್ನಡಕ ತೆಗೆದು ಒರೆಸಿದರು. ನನಗೂ ಮನಸ್ಸು ಭಾರವಾಯಿತು. ನಲವತ್ತು ವರ್ಷದ ಸಂಸಾರ, ಪಾಪ.

"ಆಕಿ ಮ್ಯಾಲ ಹೋದಳಂದ್ರ ನನಗ ಊಟಕ್ಕ ಯಾರು ನೀಡ್ತಾರ?"

"ಬರೇ ಹದಿನೈದು ನಿಮಿಷ ಸಾರ್. ಇಳದು ಬರ್ತಾರ."

ಮೇಷ್ಟ್ರು ಗೋಡೆ ಗಡಿಯಾರದ ಕಡೆ ನೋಡಿದರು.

"ಯಾವ ಹದಿನೈದು ನಿಮಿಷ?" ಅಂತ ಕೇಳಿದರು. "ಊಟದ ಹೊತ್ತಿನಾಗ ಅಲ್ಲ ತಾನೆ?"

೪. ಇಬ್ಬರಿಗೂ ಬೇಡವಾಗಿದ್ದ ಪ್ರವಾಸ

ಇದು ಮತ್ತೆ ಬಳ್ಳಾರಿಯದು. ಒಂದು ಸೋಮವಾರ ಪರಿಚಯದ ಕಾಲೇಜು ಲೆಕ್ಚರರ್ ಒಬ್ಬರು ಬಂದು ಬಾಗಿಲು ಹಾಕಿಕೊಂಡರು. ರಜೆಗೆ ಕಾಡಿನ ನಡುವಿನ ಒಂದು ಜಾಗ ಬುಕ್ ಮಾಡಿದ್ದರು. ಅಲ್ಲಿ ಕಣಿವೆಯ ಈ ತುದಿಯಿಂದ ಆ ತುದಿಗೆ ತಂತಿ ಕಟ್ಟಿರುತ್ತಾರೆ, ನಡುವಿಗೆ ಪಟ್ಟಿ ಬಿಗಿದು ಅದಕ್ಕೆ ಜೋತುಬಿದ್ದು ಸರ್ರನೆ ದಾಟಬೇಕು.

"ನನಗ ಮಾಳಗಿ ಮ್ಯಾಲ ನಿಂತ್ರ ತಲಿ ತಿರುಗತೈತ್ರಿ," ಅಂದರು. "ಆದ್ರ ನಮ್ಮಾಕಿಗೆ ಭಾಳ ಆಸೆ ಐತಂತ. ಆಕಿ ಮನಸ್ಸು ನೋಯಿಸಾಕ ಆಗಂಗಿಲ್ಲ. ನೀವೇ ಏನಾದ್ರೂ ರೋಗ ಹಚ್ಚಿ ಬರೀರಿ."

ಇಲ್ಲದ ರೋಗ ಬರೆಯುವುದಿಲ್ಲ ಅಂದೆ. ಜೋಲು ಮುಖ ಹಾಕಿಕೊಂಡು ಹೋದರು.

ಮಂಗಳವಾರ ಅವರ ಹೆಂಡತಿ ಬಂದರು. ಅವರೂ ಬಾಗಿಲು ಹಾಕಿಕೊಂಡರು.

"ಡಾಕ್ಟರೇ, ತೊಟ್ಲ ಜೀಕಿದ್ರೂ ನನಗ ವಾಂತಿ ಬರತೈತಿ. ಆದ್ರ ನಮ್ಮ ಮನಿಯವರು ಇಷ್ಟು ಆಸೆಯಿಂದ ಬುಕ್ ಮಾಡ್ಯಾರ. ಬ್ಯಾಡ ಅಂತ ಹೆಂಗ ಹೇಳ್ಲಿ? ನೀವೇ ಹೇಳಿಬಿಡ್ರಿ."

ನಾನು ಬಾಯಿಗೆ ಬಂದ ಮಾತು ನುಂಗಿಕೊಂಡೆ. ಒಬ್ಬ ರೋಗಿಯ ಮಾತು ಇನ್ನೊಬ್ಬರಿಗೆ ಹೇಳುವ ಹಾಗಿಲ್ಲ. "ಮನಿಯಾಗ ಕುಂತು ಒಂದು ಸರ್ತಿ ಬಿಚ್ಚಿ ಮಾತಾಡ್ರಿ," ಅಂದೆ. "ಛೇ, ಅವರಿಗೆ ಬ್ಯಾಸರ ಆಗತೈತಿ," ಅಂತ ಅವರೂ ಹೋದರು.

ಗುರುವಾರ ಲೆಕ್ಚರರ ತಾಯಿ ಬಂದರು. ಅರವತ್ತೆಂಟು ವರ್ಷ, ಹಣೆಯಲ್ಲಿ ವಿಭೂತಿ, ಕೈಯಲ್ಲಿ ಮಡಚಿದ ಸರ್ಟಿಫಿಕೇಟಿನ ಫಾರಂ.

"ನನಗೂ ಒಂದು ಬರದು ಕೊಡಪ್ಪ. ಮನಿಯಾಗ ಒಬ್ಬಾಕಿನ್ನ ಬಿಟ್ಟು ಹೋಗಂಗಿಲ್ಲ ಅಂತ ನನ್ನೂ ಕರಕೊಂಡು ಹೊಂಟಾರ." ಆಮೇಲೆ ದನಿ ತಗ್ಗಿಸಿದರು. "ಅವರಿಬ್ರೂ ಬಂದಿದ್ರೇನು?"

"ಅದು ಹೇಳಾಕ ಬರಂಗಿಲ್ಲಮ್ಮ."

"ಹೇಳಬ್ಯಾಡ ಬಿಡು. ಗೊತ್ತೈತಿ." ಮುದುಕಿಗೆ ನಗು ತಡೆಯಲಾಗಲಿಲ್ಲ. "ತಂತಿ ಮ್ಯಾಲ ಹೋಗೂದು ನನ್ನ ಆಸೆನಪ್ಪ. ನೆಟ್ಟಗ ಕೇಳಿದ್ರ ಇಬ್ರೂ ಕೂಡೇ ಬ್ಯಾಡ ಅಂತಿದ್ರು. ಅದಕ್ಕ ಮಗನಿಗೆ, ನಿನ್ನ ಹೇಣ್ತಿಗೆ ಭಾಳ ಆಸೆ ಐತಿ, ಬಾಯಿಬಿಟ್ಟು ಹೇಳಂಗಿಲ್ಲ, ನೀನೂ ಕೇಳಬ್ಯಾಡ ಅಂದೆ. ಆತ ಬುಕ್ ಮಾಡಿದ. ಸೊಸಿಗೆ, ನಿನ್ನ ಗಂಡ ಆಸೆಪಟ್ಟು ಬುಕ್ ಮಾಡ್ಯಾನ, ಮನಸ್ಸು ಮುರೀಬ್ಯಾಡವ್ವ ಅಂದೆ. ಒಬ್ಬರ ಮನಸ್ಸು ಒಬ್ಬರು ಮುರಿಯಂಗಿಲ್ಲ. ಅಷ್ಟು ಛಲೋ ಅದಾರ."

ನನಗೆ ನಗಬೇಕೋ ಬೈಯಬೇಕೋ ತಿಳಿಯಲಿಲ್ಲ. ಇಸಿಜಿ ತೆಗೆಸಿದೆ, ಬಿಪಿ ನೋಡಿದೆ, ಬೆನ್ನು ಕೀಲು ಒತ್ತಿ ನೋಡಿದೆ. ಹೋಗಬೇಡಿ ಅನ್ನುವಂಥ ತೊಂದರೆ ಒಂದೂ ಸಿಗಲಿಲ್ಲ. ಆಮೇಲೆ ಮಗ ಸೊಸೆಯನ್ನೂ ಕರೆಸಿ ನೋಡಿ, ಮೂರೂ ಜನಕ್ಕೆ ಸರ್ಟಿಫಿಕೇಟ್ ಬರೆದುಕೊಟ್ಟೆ.

ಪ್ರವಾಸ ಮುಗಿದ ಮೇಲೆ ಮುದುಕಿ ಒಂದು ಡಬ್ಬಿ ಶೇಂಗಾ ಉಂಡೆ ಹಿಡಿದುಕೊಂಡು ಬಂದರು. ಹೇಗಾಯಿತಮ್ಮ ಅಂತ ಕೇಳಿದೆ.

ಅಲ್ಲಿಯ ಕೆಲಸದವನು ಯಾರು ಮೊದಲು ಅಂತ ಕೇಳಿದಾಗ ಮಗ, ಸೊಸೆ ಇಬ್ಬರೂ ಮರದ ಕಡೆ ನೋಡುತ್ತ ನಿಂತರಂತೆ. ಮುದುಕಿ ಸೀರೆಯ ಮೇಲೆಯೇ ಪಟ್ಟಿ ಬಿಗಿಸಿಕೊಂಡು ಸರ್ರನೆ ಆ ತುದಿ ಸೇರಿದರಂತೆ. ಹಿಂದೆ ಉಳಿದ ಗಂಡ ಹೆಂಡತಿ, ನೀ ಹೋಗು, ನೀವು ಹೋಗ್ರಿ ಅಂತ ಶುರುವಾಗಿ, ಕೊನೆಗೆ "ನಿನ್ನ ಸಲುವಾಗಿ ಬಂದೀನಿ" ಅಂತ ಗಂಡ, "ನಾನೂ ನಿಮ್ಮ ಸಲುವಾಗೇ ಬಂದೀನಿ" ಅಂತ ಹೆಂಡತಿ. ಆಮೇಲೆ ಇಬ್ಬರೂ ಒಟ್ಟಿಗೇ ತಿರುಗಿ ಆ ಕಡೆಯ ತುದಿಯನ್ನು ನೋಡಿದರಂತೆ. ಅಲ್ಲಿ ಮುದುಕಿ ಕೈ ಬೀಸುತ್ತ ನಿಂತಿದ್ದರಂತೆ.

"ಅಯ್ಯೋ, ಗುಟ್ಟು ಹೊರಬಿತ್ತಲ್ಲಮ್ಮ. ಆಮ್ಯಾಲ ಅವರಿಬ್ರೂ ದಾಟಿದ್ರೇನು?" ಅಂತ ಕೇಳಿದೆ.

"ದಾಟಲಾರದ ಏನು ಮಾಡ್ತಾರಪ್ಪ?" ಅಂದರು ಮುದುಕಿ, ಡಬ್ಬಿಯ ಮುಚ್ಚಳ ತೆಗೆಯುತ್ತ. "ನನ್ನ ಬೈಯಾಕಾದ್ರೂ ಆ ಕಡಿ ಬರಬೇಕಲ್ಲ."