ಇಪ್ಪತ್ತೊಂಬತ್ತರ ಸೊಸೆ

ಸೊಸೆ: ಇಪ್ಪತ್ತೊಂಬತ್ತು ಅಂತ ಬರೆದೋರು ಯಾರು ಅಂತ ಕೇಳ್ತಿದೀನಿ, ಅಷ್ಟೆ.

ಅತ್ತೆ: ಮೊದಲು ದನಿ ತಗ್ಗಿಸು. ಕೌಂಟರಿನ ಹುಡುಗಿ ನನ್ನ ನಾದಿನಿ ಮನೆ ಪಕ್ಕದವಳು.

ಸ್ಕ್ಯಾನಿಂಗ್ ಕೋಣೆಯ ಹೊರಗಿನ ಬೆಂಚಿನ ಮೇಲೆ ಮೂರು ತಿಂಗಳ ಬಸುರಿ ಸೊಸೆ ಒಂದು ತುದಿಗೆ, ಅತ್ತೆ ಇನ್ನೊಂದು ತುದಿಗೆ, ನಡುವೆ ದರ್ಜಿ ಗಂಡ. ಕೂಸಿನ ಕತ್ತಿನ ಹಿಂದಿನ ನೀರಿನ ಪದರ ಅಳೆದು, ಅದಕ್ಕೆ ತಾಯಿಯ ವಯಸ್ಸು ಸೇರಿಸಿ, ವರ್ಣತಂತುಗಳಲ್ಲಿ ದೋಷವಿರುವ ಸಾಧ್ಯತೆ ಮೂರೂವರೆ ಸಾವಿರಕ್ಕೆ ಒಂದು ಎಂದು ಕಂಪ್ಯೂಟರು ಹೇಳಿತ್ತು. ಅತ್ತೆ ಆಗಲೇ ನಾಲ್ಕು ಮನೆಗೆ ಫೋನಿನಲ್ಲಿ ಸುದ್ದಿ ಮುಟ್ಟಿಸಿದ್ದರು. ಆಮೇಲೆ ಸೊಸೆ ವರದಿಯ ಮೊದಲ ಸಾಲು ಓದಿದಳು: ವಯಸ್ಸು ಇಪ್ಪತ್ತೊಂಬತ್ತು. ಬೆಳಗ್ಗೆ ಅವಳು ವಾಂತಿ ಮಾಡಲು ಓಡಿದಾಗ ಫಾರಂ ತುಂಬಿದ್ದು ಅತ್ತೆಯೇ.

ಸೊಸೆ: ನನಗೆ ಮೂವತ್ತೆಂಟು, ಅತ್ತೆ.

ಅತ್ತೆ: ಮದುವೇಲಿ ಎಲ್ಲರಿಗೂ ಇಪ್ಪತ್ತಾರು ಅಂದಿದ್ದೆ. ಮೂರು ವರ್ಷ ಆಯ್ತು. ಇಪ್ಪತ್ತೊಂಬತ್ತು. ಲೆಕ್ಕದಲ್ಲಿ ನಾನು ಯಾವತ್ತೂ ಮೋಸ ಮಾಡಿಲ್ಲ.

ದರ್ಜಿ: ಅಮ್ಮ, ಇದು ನೆಂಟರ ಲೆಕ್ಕ ಅಲ್ಲ.

ಅತ್ತೆ: ಅಳೆದದ್ದು ಕೂಸಿನ ಕತ್ತು. ಅದರಲ್ಲಿ ಇವಳ ವಯಸ್ಸು ಎಲ್ಲಿಂದ ಬಂತು?

ಸೊಸೆ: ವಯಸ್ಸು ಹೆಚ್ಚಿದಷ್ಟೂ ಅಪಾಯ ಹೆಚ್ಚು ಅಂತ ಡಾಕ್ಟರಮ್ಮ ಹೇಳಿದ್ರಲ್ಲ. ನೀವಾಗ ಫೋನಲ್ಲಿದ್ರಿ.

ಅತ್ತೆ: ಹಾಗಾದ್ರೆ ನಾನು ಕಮ್ಮಿ ಬರೆದದ್ದು ಒಳ್ಳೇದೇ ಆಯ್ತಲ್ಲ. ಅಪಾಯ ಇಳೀತು.

ಈ ತರ್ಕ ಕೇಳಿ ಸೊಸೆ ಗಂಡನತ್ತ ತಿರುಗಿದಳು. ಅವಳಿಗೆ ನಗುವೂ ಬಂತು, ಭಯವೂ ಆಯಿತು. ಭಯವೇ ಹೆಚ್ಚು.

ಸೊಸೆ: ನೀವೇನು, ಬಾಯಿಗೆ ಹೊಲಿಗೆ ಹಾಕ್ಕೊಂಡು ಕೂತಿದೀರಿ?

ದರ್ಜಿ: ಏನು ಹೇಳ್ಲಿ. ಗಿರಾಕಿ ಹೊಟ್ಟೆ ಒಳಗೆಳಕೊಂಡು ಅಳತೆ ಕೊಟ್ರೆ, ಗುಂಡಿ ಕಿತ್ತು ಬಂದ ಮೇಲೇ ಗೊತ್ತಾಗೋದು.

ಅತ್ತೆ: ಹೆತ್ತ ತಾಯೀನೇ ಗಿರಾಕಿ ಮಾಡಿಬಿಟ್ಟೆ.

ದರ್ಜಿ: ನಡಿ, ಒಳಗೆ ಹೋಗಿ ನಿಜ ಹೇಳೋಣ.

ಸೊಸೆ: ನಿಜ ಕೆಟ್ಟದಾಗಿದ್ರೆ?

ದರ್ಜಿ: ಕೂಸು ಹುಟ್ಟೋಕೆ ಮುಂಚೆ ಕುಲಾವಿ ಹೊಲಿದಿಟ್ಟ ಅಂತ ಬೀದಿಯೆಲ್ಲ ನಗ್ತಿದೆ. ಹೊಂದಲಿಲ್ಲ ಅಂದ್ರೆ ಕುಲಾವಿ ಬಿಚ್ಚಿ ಹೊಲೀತೀನಿ. ತಲೇನೇ ತಪ್ಪು ಅನ್ನೋ ದರ್ಜಿ ನಾನಲ್ಲ.

ಮೂರು ವರ್ಷದಲ್ಲಿ ಸೊಸೆಗೆ ಗಂಡನ ಮೇಲೆ ಇಷ್ಟು ಪ್ರೀತಿ ಬಂದದ್ದು ಇದೇ ಮೊದಲು. ಅತ್ತೆಯೆದುರು ತೋರಿಸಿಕೊಳ್ಳದೆ ಎದ್ದು, ಒಳಗೆ ಹೋಗಿ ನಿಜವಾದ ವಯಸ್ಸು ಹೇಳಿದಳು.

ಡಾಕ್ಟರಮ್ಮ: ಒಂಬತ್ತು ವರ್ಷ ಎಲ್ಲಿ ಕಳೆದುಹೋಯ್ತು?

ಅತ್ತೆ: ಪೆನ್ನು ಜಾರಿತು.

ಡಾಕ್ಟರಮ್ಮ ಅತ್ತೆಯ ಮುಖವನ್ನೊಮ್ಮೆ ನೋಡಿ, ಹೊಸ ವಯಸ್ಸು ಒತ್ತಿದರು. ಸೊಸೆ ಗಂಡನ ಅಂಗಿಯ ತೋಳು ಹಿಡಿದುಕೊಂಡಳು.

ಡಾಕ್ಟರಮ್ಮ: ಆರುನೂರಕ್ಕೆ ಒಂದು. ಇದೂ ಕಮ್ಮಿ ಅಪಾಯಾನೇ, ಹೆದರಬೇಡಿ. ಆದ್ರೆ ಇದು ಅಂದಾಜು, ತೀರ್ಪಲ್ಲ. ಇನ್ನೂ ಸ್ವಲ್ಪ ಖಾತ್ರಿ ಬೇಕು ಅಂದ್ರೆ ರಕ್ತ ಪರೀಕ್ಷೆ ಇದೆ.

ಸೊಸೆ: ಮಾಡಿಸ್ತೀವಿ. ಆ ಫಾರಂ ನನ್ನ ಕೈಗೆ ಕೊಡಿ.

ತೋಳು ಬಿಟ್ಟಾಗ ಅಂಗಿ ಮುದ್ದೆಯಾಗಿತ್ತು. ಹಳೆಯ ವರದಿಯನ್ನು ಹರಿಯಲು ಡಾಕ್ಟರಮ್ಮ ಕೈ ಚಾಚಿದರೆ ಅತ್ತೆ ಅದನ್ನು ಎದೆಗೆ ಅವುಚಿಕೊಂಡರು.

ಅತ್ತೆ: ಇದು ಇರ್ಲಿ ಬಿಡಿ ಡಾಕ್ಟರಮ್ಮ. ಹೊಸದು ಮನೇಲಿರತ್ತೆ, ಇದು ನೆಂಟರಿಗೆ ತೋರಿಸಕ್ಕಾಗತ್ತೆ.

ಸೊಸೆ: ಇಟ್ಕೊಳ್ಳಿ ಅತ್ತೆ. ಹೆರಿಗೆ ದಿನ ಆ ಇಪ್ಪತ್ತೊಂಬತ್ತರ ಸೊಸೇನೇ ಕರ್ಕೊಂಡು ಬನ್ನಿ. ನಾನು ಹೊರಗೆ ಬೆಂಚಿನ ಮೇಲೆ ಕೂತಿರ್ತೀನಿ.