ಕಿರುಬೆರಳಿಗೊಂದು ಜಾಗ

ವರ್ಲಿನ್ ಟ್ಯಾಕೆಟನ ಅಂದಿನ ತಾಪತ್ರಯಕ್ಕೆಲ್ಲ ಮೂಲ ಅವನ ಬಲಗೈಯ ಕಿರುಬೆರಳು. ಅಂಗಿಯ ಕೆಳಗೆ ಬಚ್ಚಿಟ್ಟರೆ ಹೆತ್ತ ತಾಯಿಗೂ ಗೊತ್ತಾಗಬಾರದು ಎಂದು ಅವನು ಅಂಗೈಯಷ್ಟೇ ದೊಡ್ಡದಾದ ಪಿಸ್ತೂಲನ್ನು ಕೊಂಡಿದ್ದ. ಅದರ ಹಿಡಿಯ ಮೇಲೆ ಎರಡು ಬೆರಳು ಹೇಗೋ ಕೂರುತ್ತಿದ್ದವು. ಕಿರುಬೆರಳು ಮಾತ್ರ ಪಂಕ್ತಿಯಲ್ಲಿ ಜಾಗ ಸಿಗದ ನೆಂಟನಂತೆ ಹೊರಗೇ ನಿಂತು ಗಾಳಿಯಲ್ಲಿ ನಡುಗುತ್ತಿತ್ತು.

ಶನಿವಾರ ಬೆಳಿಗ್ಗೆ ಕೊಟ್ಟಿಗೆಯ ಹಿಂದೆ ಓಕ್ ಮರದ ಬೊಡ್ಡೆಗೆ ಕಾಗದದ ತಟ್ಟೆಯೊಂದನ್ನು ಮೊಳೆ ಹೊಡೆದು ನಿಲ್ಲಿಸಿ ಗುರಿಯಿಟ್ಟ. ಹಿಡಿಯೊಳಗೆ ಕೂರುವ ಗುಂಡಿನ ಮ್ಯಾಗಜೀನು ಖಾಲಿಯಾದಾಗ ಹೋಗಿ ನೋಡಿದರೆ, ಹಸಿದ ಕೋಳಿಗಳು ಕಾಳು ಬಿಟ್ಟು ಅಂಗಳವನ್ನೆಲ್ಲ ಕೆದಕಿದ ಹಾಗೆ ಗುಂಡುಗಳು ಸುತ್ತಲ ಮಣ್ಣನ್ನು ಕೆದಕಿದ್ದವು. ತಟ್ಟೆ ಹೊಸದರಂತೆ ಹೊಳೆಯುತ್ತಿತ್ತು. ವರ್ಲಿನ್ ಅದನ್ನು ಕಿತ್ತು ಕಾಲಲ್ಲಿ ತುಳಿದ.

ಅವನ ಸಿಟ್ಟಿಗೆ ಕಾರಣವಿತ್ತು. ಟೆನೆಸೀ ಬೆಟ್ಟಗಳ ಸಂದಿನಲ್ಲಿರುವ ಕಾಪರ್ ಗ್ಯಾಪಿನ ಚರ್ಚಿನ ಬಾಗಿಲಲ್ಲಿ ನಿಂತು ಬಂದವರ ಕೈ ಕುಲುಕುವುದು ಎಷ್ಟೋ ವರ್ಷಗಳಿಂದ ಅವನ ಕೆಲಸ. ಹೆಂಡತಿ ಆರ್ಡಿತ್ ತೀರಿಕೊಂಡ ಮೇಲೆ ಅವನಿಗೆ ಉಳಿದಿದ್ದುದು ಅದೊಂದೇ. ವಾರವೆಲ್ಲ ಅವನು ಮುಟ್ಟುತ್ತಿದ್ದುದು ಟ್ರ್ಯಾಕ್ಟರಿನ ಚಕ್ರ, ಬಾಣಲೆಯ ಹಿಡಿ, ನಾಯಿಯ ತಲೆ. ಭಾನುವಾರ ಬೆಳಿಗ್ಗೆ ಮಾತ್ರ ಮನುಷ್ಯರ ಕೈ. ಒರಟು ಕೈ, ಮೆದು ಕೈ, ಔಷಧಿ ವಾಸನೆಯ ಮುದುಕಿಯರ ಕೈ, ಪ್ಯಾನ್‌ಕೇಕಿನ ಪಾಕ ಅಂಟಿದ ಮಕ್ಕಳ ಕೈ. ಅದರ ಬಲದ ಮೇಲೆ ಅವನು ಮುಂದಿನ ಭಾನುವಾರದವರೆಗೆ ಬದುಕುತ್ತಿದ್ದ.

ಈ ವಸಂತದಲ್ಲಿ ಚರ್ಚಿಗೊಂದು ಕಾವಲು ಪಡೆಯಾಯಿತು. ಆರ್ಡಿತ್‌ಳ ತಮ್ಮ ಡೆನ್ಜಿಲ್ ಅದರ ಮುಖ್ಯಸ್ಥ. ಯಾವ ಕಾಲದಲ್ಲೋ ಜಿಲ್ಲೆಯ ಜೈಲಿನಲ್ಲಿ ಬೀಗ ತೆಗೆದು ಹಾಕುತ್ತಿದ್ದವನು. ಈಗ ಕಪ್ಪು ಕನ್ನಡಕ ಹಾಕಿಕೊಂಡೇ ಕೀರ್ತನೆ ಹಾಡುತ್ತಿದ್ದ. ಅವನು ನಿಯಮ ಮಾಡಿದ: ಬಾಗಿಲಲ್ಲಿ ನಿಲ್ಲುವವನ ಬಳಿ ಪಿಸ್ತೂಲಿರಬೇಕು, ಇದೆಯೆಂದು ಯಾರಿಗೂ ಗೊತ್ತಾಗಬಾರದು, ಗುರಿಯ ಪರೀಕ್ಷೆಯಲ್ಲಿ ಪಾಸಾಗಬೇಕು.

"ದೇವರ ಮನೆ ಬಾಗಿಲಲ್ಲಿ ನಿಲ್ಲೋನಿಗೆ ಕೈ ಸಾಲದಾ, ಡೆನ್ಜಿಲ್? ಗುರಿನೂ ಬೇಕಾ?" ಎಂದು ವರ್ಲಿನ್ ಕೇಳಿದ್ದ.

"ಕಾಲ ಕೆಟ್ಟಿದೆ, ಭಾವ. ಆಗಲ್ಲ ಅಂದ್ರೆ ಹೇಳು, ಹಳದಿ ಅಂಗಿ ಕೊಡ್ತೀನಿ. ಅಂಗಳದಲ್ಲಿ ಕಾರು ನಿಲ್ಲಿಸೋರಿಗೆ ದಾರಿ ತೋರಿಸು."

ಕಾರುಗಳ ಕೈ ಕುಲುಕಲಾಗುವುದಿಲ್ಲ. ವರ್ಲಿನ್ ಹಲ್ಲು ಕಚ್ಚಿ ಒಪ್ಪಿಕೊಂಡಿದ್ದ. ಪರೀಕ್ಷೆ ಇವತ್ತು ಮಧ್ಯಾಹ್ನ, ಊರ ಹೊರಗಿನ ಜಲ್ಲಿಗುಂಡಿಯಲ್ಲಿ.

ಅವನು ನೇರ ಹೋಬರ್ಟನ ಅಂಗಡಿಗೆ ಹೋದ. ಅಲ್ಲಿ ಒಂದು ಕಡೆ ಮೀನಿನ ಗಾಳಕ್ಕೆ ಹುಳ, ಇನ್ನೊಂದು ಕಡೆ ಬಂದೂಕು, ನಡುವೆ ಕಾಫಿ.

"ಮ್ಯಾಗಜೀನಿನ ತಳಕ್ಕೆ ಸಿಕ್ಕಿಸಿ ಹಿಡಿ ಉದ್ದ ಮಾಡೋ ತುಂಡು ಬರತ್ತಲ್ಲ, ಅದೊಂದು ಕೊಡು," ಎಂದು ಮೆಲ್ಲಗೆ ಕೇಳಿದ.

ಮೆಲ್ಲಗೆ ಕೇಳಿದ್ದೇ ತಪ್ಪಾಯಿತು. ಆ ಅಂಗಡಿಯಲ್ಲಿ ಜೋರಾಗಿ ಆಡಿದ ಮಾತನ್ನು ಯಾರೂ ಕೇಳಿಸಿಕೊಳ್ಳುವುದಿಲ್ಲ. ಮೆಲ್ಲಗೆ ಆಡಿದ್ದು ಯಾರಿಗೂ ತಪ್ಪುವುದಿಲ್ಲ. ಕಾಫಿ ಕುಡಿಯುತ್ತಿದ್ದವರು ಕುರ್ಚಿ ತಿರುಗಿಸಿದರು.

"ಯಾತಕ್ಕಪ್ಪ?" ಎಂದ ಅಂಚೆ ಹಂಚುವ ಕ್ಲೀಟಸ್.

"ಹಾವಿಗೆ."

"ತುಂಡು ಹಾಕಬೇಡ," ಎಂದ ಕ್ಲೀಟಸ್. "ಬಟ್ಟೆ ಒಳಗಿಂದ ಎದ್ದು ಕಾಣೋದು ನಳಿಗೆ ಅಲ್ಲ, ಹಿಡಿ. ಅದನ್ನೇ ಉದ್ದ ಮಾಡೋದಾದ್ರೆ ಚಿಕ್ಕದು ಯಾಕೆ ತಗೊಂಡೆ? ಗಿಡ್ಡ ಕುದುರೆ ಕೊಂಡು ಅದಕ್ಕೆ ಮರಗಾಲು ಕಟ್ಟಿದ ಹಾಗಾಯ್ತು."

"ಹಾಕಲೇಬೇಕು," ಎಂದ ಗ್ಯಾರೇಜಿನ ಎಲ್ವುಡ್. "ಎರಡು ಬೆರಳಲ್ಲಿ ಹಿಡಿದ ಪಿಸ್ತೂಲು ಒದ್ದೆ ಸೋಪು. ಬಿಗಿ ಮಾಡಿದಷ್ಟೂ ಜಾರತ್ತೆ."

"ಮರಗಾಲು."

"ಸೋಪು ಅಂತೀನಿ."

"ಇಬ್ಬರೂ ಸುಮ್ನಿರಿ," ಎಂದು ಹೋಬರ್ಟ್ ನ್ಯಾಯ ಹೇಳಿದ. "ಪಿಸ್ತೂಲಲ್ಲಿ ಗಿಡ್ಡ ಮ್ಯಾಗಜೀನ್ ಇರಲಿ, ಜೇಬಲ್ಲಿ ಉದ್ದದ್ದು ಇರಲಿ. ಮೊದಲನೇದು ಗುರಿ ತಪ್ಪಿದ ಮೇಲೆ ಎರಡನೇದು ಹಾಕ್ಕೊಂಡ್ರಾಯ್ತು."

"ಅಲ್ಲಿವರೆಗೂ ಹಾವು ಹಲ್ಲುಜ್ಜತಾ ಕೂತಿರತ್ತಾ?" ಎಂದು ವರ್ಲಿನ್ ಗುಡುಗಿದ.

ಎಲ್ವುಡ್ ಎದ್ದು ಬಂದು ಅವನ ಕೈ ಹಿಡಿದು ಕಿರುಬೆರಳನ್ನು ಅಳೆದ. ಕ್ಲೀಟಸ್ ಅದನ್ನು ಮಡಿಸಿ ನೋಡಿದ. "ಬೆರಳೇ ಸ್ವಲ್ಪ ಉದ್ದ ಆಯ್ತು," ಎಂದು ಮೂರನೆಯವನೊಬ್ಬ ದೋಷ ಕಂಡುಹಿಡಿದ. ವರ್ಲಿನ್ ಕೈ ಕಿತ್ತುಕೊಂಡು, ತುಂಡನ್ನು ಜೇಬಿಗೆ ಹಾಕಿ, ಬಾಗಿಲನ್ನು ಧಡಾರನೆ ಎಳೆದುಕೊಂಡು ಹೊರಟ. ಗೋಡೆಯ ಮೇಲೆ ತೂಗುಹಾಕಿದ್ದ ಮೀನಿನ ಬಲೆಯೊಂದು ಕ್ಲೀಟಸನ ತಲೆಯ ಮೇಲೆ ಬಿತ್ತು.

ತುಂಡು ಸಿಕ್ಕಿಸಿದ ಮೇಲೆ ಕಿರುಬೆರಳಿಗೆ ಕೊನೆಗೂ ಕೂರಲು ಜಾಗ ಸಿಕ್ಕಿತು. ಎರಡನೆಯ ಕಾಗದದ ತಟ್ಟೆ ಜರಡಿಯಾಯಿತು. ಇನ್ನು ಉಳಿದಿದ್ದು, ಹೊರಗೆ ಕಾಣುತ್ತದೋ ಇಲ್ಲವೋ ಎಂಬ ಪ್ರಶ್ನೆ. ನೋಡಿಯೇ ಬಿಡೋಣವೆಂದು ಪಿಸ್ತೂಲನ್ನು ಸೊಂಟದ ಬಲಕ್ಕೆ ಸಿಕ್ಕಿಸಿ, ಮೇಲೆ ಭಾನುವಾರದ ಅಂಗಿ ಇಳಿಬಿಟ್ಟು, ಊರಿನ ಹೋಟೆಲಿಗೆ ಊಟಕ್ಕೆ ಹೋದ.

ಅಲ್ಲಿ ಮಿಸ್ ಓನೀಟಾ ಫಾರ್ದಿಂಗ್ ಕೂತಿದ್ದಳು. ಊರಿನ ಅರ್ಧಕ್ಕರ್ಧ ಜನರಿಗೆ ಬಾಲ್ಯದಲ್ಲಿ ಭಾನುವಾರದ ಪಾಠ ಹೇಳಿ, ಕೀರ್ತನೆಗಳನ್ನು ಬಾಯಿಪಾಠ ಮಾಡಿಸಿದವಳು. ಮದುವೆಯಾಗಿದ್ದರೂ ಊರಿನ ಬಾಯಲ್ಲಿ ಗೌರವಕ್ಕೆ ಮಿಸ್ ಎಂದೇ ಉಳಿದವಳು. ಈಗ ಮುದುಕಿ, ಆದರೆ ಕಣ್ಣು ಹದ್ದಿನದು. ವರ್ಲಿನ್ ಅವಳಿಗೆ ನಮಸ್ಕರಿಸಿ, ಆಚೆ ಮೇಜಿನ ಮೇಲಿದ್ದ ಉಪ್ಪಿನ ಡಬ್ಬಿಗೆ ಕೈ ಚಾಚಿದ. ಅಂಗಿ ಬಿಗಿಯಿತು. ಸೊಂಟದಲ್ಲಿ ಕೋಳಿಮೊಟ್ಟೆಯಷ್ಟು ದಪ್ಪದ್ದೊಂದು ಎದ್ದು ನಿಂತಿತು.

ಮಿಸ್ ಓನೀಟಾಳ ಕೈಯಲ್ಲಿದ್ದ ಚಮಚ ತಟ್ಟೆಗೆ ಬಿತ್ತು.

"ವರ್ಲಿನ್, ಕಂದ. ಇದು ಎಷ್ಟು ದಿನದಿಂದ?"

"ಯಾವುದಮ್ಮ?"

"ನನ್ನ ಹತ್ರ ಮುಚ್ಚಿಡಬೇಡ. ನನ್ನ ಎರಡನೇ ಗಂಡನಿಗೂ ಅದೇ ಜಾಗದಲ್ಲೇ ಬಂದಿತ್ತು. ಡಾಕ್ಟರು ಏನಂದ್ರು?"

ವರ್ಲಿನನಿಗೆ ಅರ್ಥವಾಯಿತು. ಗಡ್ಡೆಯಲ್ಲ ಎಂದರೆ ಮತ್ತೇನು ಎನ್ನುತ್ತಾಳೆ. ಪಿಸ್ತೂಲು ಎಂದರೆ ನಿಯಮ ಮುರಿಯುತ್ತದೆ, ಬಾಗಿಲು ಹೋಗುತ್ತದೆ. ಭಾನುವಾರದ ಪಾಠ ಹೇಳಿದವಳ ಮುಂದೆ ಸುಳ್ಳು ನಾಲಿಗೆಗೆ ಬರಲೊಲ್ಲದು.

"ಏನೂ ಇಲ್ಲಮ್ಮ. ನಾನು ಚೆನ್ನಾಗೇ ಇದ್ದೀನಿ," ಎಂದ, ಸಿಟ್ಟಿನಿಂದ ನಡುಗುವ ದನಿಯಲ್ಲಿ.

"ನೋಡು, ಎಷ್ಟು ಧೈರ್ಯವಾಗಿ ಹೇಳ್ತಾನೆ," ಎಂದು ಅವಳು ಬಡಿಸುವ ಹುಡುಗಿಯ ಕಡೆ ತಿರುಗಿ ಕಣ್ಣೊರೆಸಿಕೊಂಡಳು.

ಆ ಚರ್ಚಿನಲ್ಲಿ ಪ್ರಾರ್ಥನೆಯ ಸರಪಳಿಯೆಂಬುದೊಂದಿದೆ. ಯಾರಿಗಾದರೂ ಕಷ್ಟ ಬಂದರೆ ಒಬ್ಬಳು ಇನ್ನೊಬ್ಬಳಿಗೆ ಫೋನು ಮಾಡುತ್ತಾಳೆ, ಅವಳು ಮತ್ತೊಬ್ಬಳಿಗೆ. ಕಾಫಿ ಆರುವಷ್ಟರಲ್ಲಿ ಊರಿಗೆ ಊರೇ ಮೊಣಕಾಲೂರಿರುತ್ತದೆ. ಸರಪಳಿಯ ಮೊದಲ ಕೊಂಡಿ ಮಿಸ್ ಓನೀಟಾ. ಅವಳ ಬಾಯಲ್ಲಿ ಮೊಟ್ಟೆಯಷ್ಟಿದ್ದ ಗಡ್ಡೆ ಮೂರನೆಯ ಕೊಂಡಿಯಲ್ಲಿ ಕಿತ್ತಳೆಯಾಯಿತು. ಕೊನೆಯ ಕೊಂಡಿಗೆ ಹೋಗುವಾಗ ಡಾಕ್ಟರು ಕೈಚೆಲ್ಲಿಯೂ ಆಗಿತ್ತು.

ವರ್ಲಿನ್ ಮನೆಗೆ ಬಂದಾಗ ಜಗುಲಿಯ ಮೇಲೆ ಚೀಸ್ ಹಾಕಿ ಬೇಯಿಸಿದ ಆಲೂಗಡ್ಡೆಯ ಪಾತ್ರೆಗಳು ಸಾಲಾಗಿ ಕೂತಿದ್ದವು. ಸತ್ತವರ ಮನೆಗೆ ತರುವ ಅಡುಗೆ ಅದು. ಆರ್ಡಿತ್ ಹೋದಾಗಲೂ ಇವೇ ಪಾತ್ರೆಗಳು ಬಂದಿದ್ದವು. ಈಗ ಅವನು ಬದುಕಿರುವಾಗಲೇ ಬಂದಿದ್ದವು.

ಹೋಬರ್ಟ್ ಮೆಟ್ಟಿಲ ಮೇಲೆ ಟೋಪಿ ಕೈಯಲ್ಲಿ ಹಿಡಿದು ನಿಂತಿದ್ದ. "ಬೆಳಿಗ್ಗೆ ನಿನ್ನ ಸಿಟ್ಟು ನೋಡಿದಾಗಲೇ ಅಂದ್ಕೊಂಡೆ ವರ್ಲಿನ್, ಪಾಪ, ಒಳಗೆ ನೋವಿರಬೇಕು ಅಂತ. ತುಂಡಿನ ಹಣ ಬೇಡ, ಬಿಡು."

"ನನಗೇನೂ ಆಗಿಲ್ಲ."

"ನಮ್ಮಪ್ಪನೂ ಹಾಗೇ ಅಂದಿದ್ದ."

"ಹೋಬರ್ಟ್, ನನ್ನ ಜಗುಲಿಯಿಂದ ಇಳಿ."

"ಅಪ್ಪನೂ ಕೊನೆಗೊನೆಗೆ ಹೀಗೇ ರೇಗ್ತಿದ್ದ," ಎಂದು ಹೋಬರ್ಟ್ ಮೂಗೊರೆಸಿಕೊಂಡು ಇಳಿದ.

ಜಲ್ಲಿಗುಂಡಿಯಲ್ಲಿ ಡೆನ್ಜಿಲ್ ಗುರಿಯ ಹಾಳೆ ಕಟ್ಟಿ ಕಾದಿದ್ದ. ವರ್ಲಿನ್ ಮಾತಾಡದೆ ಅಂಗಿ ಸರಿಸಿ ಪಿಸ್ತೂಲು ತೆಗೆದ. ಮೊದಲ ಗುಂಡು ಹೋಬರ್ಟನ ಹೆಸರಿಗೆ, ಎರಡನೆಯದು ಆಲೂಗಡ್ಡೆಗೆ, ಮೂರನೆಯದು ಸರಪಳಿಗೆ, ಉಳಿದವೆಲ್ಲ ಕಪ್ಪು ಕನ್ನಡಕದ ಹೆಸರಿಗೆ. ಒಂದೂ ತಪ್ಪಲಿಲ್ಲ.

ಡೆನ್ಜಿಲ್ ಕನ್ನಡಕ ತೆಗೆದು ಹಾಳೆಯನ್ನು ನೋಡಿದ. "ಗುರಿಯಲ್ಲಿ ಪಾಸು. ಬಚ್ಚಿಡೋದ್ರಲ್ಲೂ ಪಾಸು, ಭಾವ. ನಿನ್ನ ಸೊಂಟದ ಸುದ್ದಿ ಊರೆಲ್ಲ ಆಯ್ತು, ಒಬ್ಬರೂ ಪಿಸ್ತೂಲು ಅಂದಿಲ್ಲ. ಬಾಗಿಲು ನಿಂದೇ ಅಂತ ಸಂಜೆ ಚರ್ಚಿನ ಊಟದಲ್ಲಿ ಹೇಳಿಬಿಡ್ತೀನಿ."

ಅಂದು ಮೊದಲ ಬಾರಿಗೆ ವರ್ಲಿನನ ಮುಖ ಸಡಿಲಾಯಿತು. ನಾಳೆಯ ಬೆಳಗು, ತೆರೆದ ಬಾಗಿಲು, ಚಾಚಿಕೊಂಡು ಬರುವ ಕೈಗಳು ಕಣ್ಣ ಮುಂದೆ ಬಂದವು.

ಸಂಜೆ ಅವನು ಚರ್ಚಿನ ಊಟದ ಕೋಣೆಗೆ ಕಾಲಿಟ್ಟಾಗ ಎಲ್ಲರೂ ಎದ್ದು ನಿಂತರು. ಅವನ ಕೈ ಕುಲುಕಲು ಯಾರೂ ಬರಲಿಲ್ಲ. ಒಡೆದುಹೋದೀತೆಂಬಂತೆ ಭುಜವನ್ನು ಮಾತ್ರ ಮುಟ್ಟಿದರು. ಪಾಸ್ಟರ್ ಲೂಮಿಸ್ ಮುಂದೆ ಬಂದರು.

"ಬ್ರದರ್ ವರ್ಲಿನ್ ಇಷ್ಟು ವರ್ಷ ನಮಗಾಗಿ ನಿಂತರು. ಇನ್ನು ಅವರು ನಿಲ್ಲಬಾರದು. ಮುಂದಿನ ಸಾಲಿನಲ್ಲಿ ದಿಂಬು ಹಾಕಿದ ಕುರ್ಚಿ ಇಟ್ಟಿದ್ದೀವಿ. ಬಾಗಿಲಿಗೆ ಬೇರೆಯವರನ್ನ ನೋಡ್ತೀವಿ."

ವರ್ಲಿನ್ ಡೆನ್ಜಿಲನನ್ನು ಗೋಡೆಯ ಮೂಲೆಗೆ ಎಳೆದ. "ನಿಜ ಹೇಳು ಅವರಿಗೆ."

"ಹೇಗೆ ಹೇಳಲಿ ಭಾವ? ಹೇಳಿದ್ರೆ ಗುಟ್ಟು ರಟ್ಟಾಗತ್ತೆ, ಬಾಗಿಲು ಹೋಗತ್ತೆ. ಒಂದು ಕೆಲಸ ಮಾಡು. ಆ ತುಂಡು ಕಿತ್ತುಬಿಡು. ಗಡ್ಡೆ ಮಾಯ ಆಗತ್ತೆ, ಪ್ರಾರ್ಥನೆ ಫಲಿಸ್ತು ಅಂತಾರೆ."

"ಆಮೇಲೆ ಬಾಗಿಲು ನಂದಾ?"

"ಪರೀಕ್ಷೆ ಇನ್ನೊಂದು ಸಲ ಕೊಡಬೇಕಾಗತ್ತೆ. ಯಾವುದನ್ನ ಇಟ್ಕೋತೀಯೋ ಅದರಲ್ಲೇ ಪಾಸಾಗಬೇಕು. ತುಂಡಿಲ್ಲದೆ ಹೊಡೀತೀಯಾ?"

ವರ್ಲಿನ್ ಲೆಕ್ಕ ಹಾಕಿದ. ತುಂಡು ಇದ್ದರೆ ಅವನು ಸಾಯುತ್ತಿರುವ ಮನುಷ್ಯ, ನಿಲ್ಲುವ ಹಾಗಿಲ್ಲ. ತುಂಡು ಇಲ್ಲದಿದ್ದರೆ ಗುರಿಯಿಲ್ಲದ ಮನುಷ್ಯ, ಆಗಲೂ ನಿಲ್ಲುವ ಹಾಗಿಲ್ಲ. ಮೇಲಾಗಿ ದೇವರ ಮನೆಯಲ್ಲೇ ಸುಳ್ಳು ಪವಾಡವೊಂದಕ್ಕೆ ಸಾಕ್ಷಿ ಹೇಳಬೇಕು.

ಅಷ್ಟರಲ್ಲಿ ಮಿಸ್ ಓನೀಟಾ ಹೆಂಗಸರ ಗುಂಪು ಕಟ್ಟಿಕೊಂಡು ಬಂದಳು. "ಕಂದ, ಬಾ. ಆ ಜಾಗದ ಮೇಲೆ ಕೈಯಿಟ್ಟು ಎಲ್ಲರೂ ಪ್ರಾರ್ಥನೆ ಮಾಡ್ತೀವಿ."

ಬೆಳಗಿನಿಂದ ನುಂಗಿಕೊಂಡದ್ದನ್ನೆಲ್ಲ ವರ್ಲಿನ್ ಹೊರಗೆ ಉಗುಳಿದ.

"ಗಡ್ಡೆ ಅಲ್ಲ ಇದು," ಎಂದು ಅವನು ಕಿಟಕಿಯ ಗಾಜು ನಡುಗುವಂತೆ ಕೂಗಿ ಅಂಗಿಯ ಅಂಚನ್ನು ಎತ್ತಿ ಹಿಡಿದ. "ಪಿಸ್ತೂಲು. ನನ್ನ ಕೈಗೆ ಚಿಕ್ಕದಾಯ್ತು, ಪ್ಲಾಸ್ಟಿಕ್ ತುಂಡು ಹಾಕ್ದೆ. ನನಗೆ ಯಾವ ರೋಗವೂ ಇಲ್ಲ. ನಿಮ್ಮ ಕೈ ಕುಲುಕೋಕೆ ಬಿಡ್ತಾರೆ ಅಂತ ಈ ದರಿದ್ರವನ್ನ ಸೊಂಟಕ್ಕೆ ಕಟ್ಕೊಂಡೆ. ಬಾಗಿಲಲ್ಲಿ ನಿಂತು ಒಬ್ಬರಿಗೊಬ್ಬರು ನಮಸ್ಕಾರ ಹೇಳೋಕೂ ಗುಂಡು ಬೇಕಾ ನಿಮಗೆ? ನಾಚಿಕೆ ಆಗಲ್ವಾ?"

ಮಿಸ್ ಓನೀಟಾ ಹತ್ತಿರ ಬಂದು, ಬಗ್ಗಿ, ಅವನ ಸೊಂಟವನ್ನು ಪರೀಕ್ಷಿಸಿದಳು.

"ಹೌದಲ್ಲ," ಎಂದಳು. "ನಮಗೆ ಪಿಸ್ತೂಲು ಗೊತ್ತಿಲ್ಲ ಅಂತ ತಿಳ್ಕೋಬೇಡ, ಕಂದ. ಗೊತ್ತಿರೋದಕ್ಕೇ ಗಡ್ಡೆ ಅಂದ್ಕೊಂಡೆ. ಪಿಸ್ತೂಲನ್ನ ಇಷ್ಟು ಕೆಟ್ಟದಾಗಿ ಯಾರೂ ಬಚ್ಚಿಡಲ್ಲ."

ಅವಳು ಕೋಣೆಗೆ ಬೆನ್ನು ಹಾಕಿ, ವರ್ಲಿನ್ ಮತ್ತು ಡೆನ್ಜಿಲನಿಗೆ ಮಾತ್ರ ಕಾಣುವಷ್ಟು ಕೈಚೀಲದ ಬಾಯಿ ತೆರೆದು ತೋರಿಸಿದಳು. ಕರವಸ್ತ್ರ, ಪುದೀನಾ ಮಿಠಾಯಿಗಳ ನಡುವೆ ಹಳೆಯ ಕಾಲದ ಪಿಸ್ತೂಲೊಂದು ಮಲಗಿತ್ತು. ವರ್ಲಿನನದು ಅದರ ಮರಿಯಂತಿತ್ತು. ಅವಳ ಹಿಂದೆ ನಿಂತಿದ್ದ ಹೆಂಗಸರು ತಮ್ಮ ತಮ್ಮ ಕೈಚೀಲಗಳನ್ನು ಮೆಲ್ಲಗೆ ಮುಚ್ಚಿಕೊಂಡರು.

ಡೆನ್ಜಿಲ್ ದನಿ ತಗ್ಗಿಸಿ ಕೇಳಿದ. "ಮಿಸ್ ಓನೀಟಾ, ಇದು ಎಷ್ಟು ದಿನದಿಂದ?"

"ನಿನ್ನ ದೀಕ್ಷಾಸ್ನಾನದ ದಿನ ನಿನ್ನ ಒಣಬಟ್ಟೆ ಹಿಡ್ಕೊಂಡು ನಿಂತಿದ್ದೆನಲ್ಲ, ಆವತ್ತೂ ಇತ್ತು."

"ಯಾರಿಗೂ ಗೊತ್ತಾಗಲಿಲ್ಲ."

"ಗೊತ್ತಾಗೋ ಹಾಗೆ ಯಾಕಪ್ಪ ಇಟ್ಕೋಬೇಕು?"

"ಗುರಿ?"

"ಜಲ್ಲಿಗುಂಡಿ ನಮ್ಮಪ್ಪಂದು. ಅಲ್ಲಿ ಇನ್ನೇನಿತ್ತು ಆಡೋಕೆ?"

"ಹಿಡಿಗೆ ಏನಾದ್ರೂ ತುಂಡು ಗಿಂಡು?"

"ತುಂಡು ಯಾಕೆ? ಕೈಗೆ ಸರಿಹೋಗೋದನ್ನೇ ತಗೊಂಡ್ರಾಯ್ತಲ್ಲ."

ಡೆನ್ಜಿಲ್ ಒಮ್ಮೆ ಮುದುಕಿಯನ್ನು ನೋಡಿದ, ಒಮ್ಮೆ ಭಾವನನ್ನು ನೋಡಿದ. ಪಾಸ್ಟರ್ ಹತ್ತಿರ ಹೋಗಿ ಕಿವಿಯಲ್ಲಿ ಏನೋ ಹೇಳಿದ. ಪಾಸ್ಟರ್ ತಲೆಯಾಡಿಸಿದರು.

"ಬೇಜಾರು ಮಾಡ್ಕೋಬೇಡ ಭಾವ," ಎಂದ ಹಿಂದಿರುಗಿ ಬಂದು. "ನೀನು ಎಲ್ಲರೆದುರು ಹೇಳಿಬಿಟ್ಟೆ. ನಾಳೆಯಿಂದ ಬಾಗಿಲು ಮಿಸ್ ಓನೀಟಾ ಅವರದು."

ವರ್ಲಿನ್ ಬಾಯಿ ತೆರೆದ. ನಾಲಿಗೆಯ ತುದಿಗೆ ಬಂದದ್ದು ಚರ್ಚಿನಲ್ಲಿ ಆಡುವ ಮಾತಲ್ಲ. ಮಿಸ್ ಓನೀಟಾ ಅವನ ಕೈಯನ್ನು ತನ್ನ ಎರಡೂ ಕೈಗಳಲ್ಲಿ ಹಿಡಿದುಕೊಂಡಳು.

"ನಾಳೆ ಬೇಗ ಬಾ, ಕಂದ. ಎಲ್ಲರಿಗಿಂತ ಮೊದಲು ನಿನ್ನ ಕೈ ಕುಲುಕ್ತೀನಿ."

ಆಮೇಲೆ ಹೆಂಗಸರ ಕಡೆ ತಿರುಗಿ ಫೋನು ಕೈಗೆತ್ತಿಕೊಂಡಳು.

"ಗಡ್ಡೆಯ ಪ್ರಾರ್ಥನೆ ನಿಲ್ಸಿ ಅಂತ ಎಲ್ಲರಿಗೂ ತಿಳಿಸಿ. ಇವನ ಸಿಟ್ಟಿನದು ಶುರು ಮಾಡೋಣ."