ತೆಪ್ಪದಲ್ಲಿ ಎರಡು ತಲೆ

ಲೆಕ್ಕ ಇಡುವವರದ್ದೇ ಒಂದು ಬೇರೆ ಪಂಗಡ. ಮದುವೆಮನೆಯಲ್ಲಿ ಎಲ್ಲರ ಫೋಟೋ ತೆಗೆದವನು ಆಲ್ಬಮ್ಮಿನಲ್ಲಿ ಎಲ್ಲೂ ಇರುವುದಿಲ್ಲವಲ್ಲ, ಹಾಗೆ ಇವರು ತಾವು ಇಟ್ಟ ಲೆಕ್ಕದಲ್ಲಿ ತಾವೇ ಇರುವುದಿಲ್ಲ. ನಾನು ಈ ಪಂಗಡದವನು. ಡೈರಿ ಬರೆಯುತ್ತೇನೆ. ಹಾಲಿನವನು ಬಾರದ ದಿನ, ಕರೆಂಟು ಹೋದ ಹೊತ್ತು, ಮನೆಗೆ ಬಂದ ನೆಂಟರು, ಅವರು ಕುಡಿದ ಕಾಫಿ, ಎಲ್ಲವೂ ಅದರಲ್ಲಿದೆ. ಅಕ್ಕ ಒಮ್ಮೆ ಅದರ ಪುಟಗಳನ್ನು ತಿರುವಿ ನೋಡಿ, "ಅಲ್ವೋ ಶ್ರೀಧರ, ಇದ್ರಲ್ಲಿ ನಮ್ಮ ಮಣಿಗೆ ಜ್ವರ ಬಂದಿದ್ದೂ ಇದೆ. ನೀನೇ ಎಲ್ಲೂ ಇಲ್ವಲ್ಲೋ!" ಎಂದಿದ್ದಳು. ಮಣಿ ಎಂದರೆ ಅವರ ಮನೆಯ ನಾಯಿ. ಬರೆಯುವವನು ಇದ್ದೇ ಇರುತ್ತಾನೆ, ಅದನ್ನು ಬೇರೆ ಬರೆಯಬೇಕೆ ಎಂದು ಆಗ ನಕ್ಕುಬಿಟ್ಟಿದ್ದೆ. ಈಗ ಅಷ್ಟು ಸುಲಭವಾಗಿ ನಗು ಬರುವುದಿಲ್ಲ. ಅದಕ್ಕೆ ಕಾರಣ ಕುಣಿಗಲ್ ಕೆರೆ.

ತೊಂಬತ್ತರ ದಶಕದ ಕೊನೆಯ ಮಾತು. ನಾನು ತುಮಕೂರಿನಲ್ಲಿ ಅಕ್ಕ-ಭಾವನ ಮನೆಯಲ್ಲಿದ್ದುಕೊಂಡು, ಒಂದು ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಕಾಗದದ ಸ್ಟಾಕ್ ನೋಡಿಕೊಳ್ಳುತ್ತಿದ್ದೆ. ಒಂದು ಭಾನುವಾರ ಬೆಳಿಗ್ಗೆ ಕ್ರಿಕೆಟ್ ಮ್ಯಾಚಿಗೆಂದು ಭಾವ ಟಿವಿ ಮುಂದೆ ದಿಂಬು ಹಾಕಿಕೊಂಡು ಒರಗಿದ್ದರು. ಟಾಸ್ ಆಗುವಷ್ಟರಲ್ಲಿ ಕೇಬಲ್ ಹೋಯಿತು. ಭಾವ ತೆರೆಯ ಮೇಲಿನ ಬಿಳಿ ಚುಕ್ಕೆಗಳನ್ನು ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಏನೋ ಹೊಳೆದವರಂತೆ ಎದ್ದು, "ನಡಿಯೋ, ಮೀನ್ ಹಿಡಿಯೋಣ" ಎಂದರು. ಅಕ್ಕ ಒಳಗಿನಿಂದಲೇ, "ಇವ್ರು ಮೀನ್ ಹಿಡೀತಾರಂತೆ! ಬಚ್ಚಲಲ್ಲಿ ಸೋಪು ಹಿಡಿಯಕ್ಕೆ ಬರಲ್ಲ" ಎಂದಳು. "ನೀನು ಮಸಾಲೆ ರುಬ್ಬಿಡು ಕಣೇ, ಆಮೇಲೆ ಮಾತಾಡು" ಎಂದು ಭಾವ ಸ್ಕೂಟರಿಗೆ ಕಿಕ್ ಹೊಡೆದರು. ಯಾರೂ ಕರೆಯದಿದ್ದರೂ ಮಣಿ ಬಂದು ಸ್ಕೂಟರಿನ ಮುಂದೆ, ಕಾಲಿಡುವ ಜಾಗದಲ್ಲಿ ನಿಂತುಬಿಟ್ಟಿತು. ಕುಣಿಗಲ್‌ವರೆಗೂ ಅದು ಹ್ಯಾಂಡಲಿನ ಮೇಲೆ ಗದ್ದ ಊರಿಕೊಂಡೇ ಇತ್ತು. ದಾರಿಯಲ್ಲಿ ಎದುರಾದವರಿಗೆ ನಾಯಿಯೇ ಸ್ಕೂಟರ್ ಓಡಿಸುತ್ತಿದೆ ಅನ್ನಿಸಿರಬೇಕು.

ಕೆರೆಯ ದಡದಲ್ಲಿ ಒಬ್ಬ ಹೆಂಗಸು ಬಲೆ ಬಿಡಿಸುತ್ತಾ ಕೂತಿದ್ದಳು. ಹೆಸರು ಸಾಕಮ್ಮ. ಗಂಡ ಮೀನು ಮಾರಲು ಹೋಗಿದ್ದ, ತೆಪ್ಪ ಖಾಲಿ ಇತ್ತು. ಭಾವ ಹೇಗೋ ಮಾತಾಡಿ, ತೆಪ್ಪದ ಜೊತೆಗೆ ಎರಡು ಗಾಳ, ಒಂದಿಷ್ಟು ಎರೆಹುಳುವನ್ನೂ ಕೊಡಲು ಅವಳನ್ನು ಒಪ್ಪಿಸಿದರು. ಅವಳು ಎಲೆಅಡಿಕೆಯನ್ನು ಒಂದು ಕೆನ್ನೆಯಿಂದ ಇನ್ನೊಂದಕ್ಕೆ ದಾಟಿಸಿ, "ತೆಪ್ಪ ಕೊಡ್ತೀನಿ ಸ್ವಾಮಿ. ಆದ್ರೆ ಹುಟ್ಟಿನಾಗೆ ಮೂರು ಸಲ ನೀರು ತಟ್ಟಿ, ಎಷ್ಟು ತಲೆ ಹೋಗ್ತಾ ಐತೆ ಅಂತ ಗಂಗಮ್ಮಂಗೆ ಹೇಳ್ಬುಟ್ಟು ಹೋಗ್ಬೇಕು. ಹೇಳಿದಷ್ಟನ್ನೂ ಅವ್ಳು ಲೆಕ್ಕವಾಗಿ ದಡಕ್ಕೆ ಬುಡ್ತಾಳೆ" ಎಂದಳು.

"ಹೇಳದಿದ್ರೆ?" ಎಂದರು ಭಾವ.

"ಹೇಳದೇ ಇದ್ದದ್ದು ಅವಳ ಜವಾಬ್ದಾರಿ ಅಲ್ಲ, ಬುಡಿ."

ಪ್ರೆಸ್ಸಿನಲ್ಲಿ ನಮ್ಮ ಮಾಲೀಕರು ಹೇಳುವುದೂ ಇದನ್ನೇ. ನನಗೆ ಗಂಗಮ್ಮನ ಮೇಲೆ ತಕ್ಷಣ ಗೌರವ ಹುಟ್ಟಿತು. ಭಾವ ತೆಪ್ಪದೊಳಗೆ ಕಾಲಿಟ್ಟು, "ಲೆಕ್ಕ ಅಂದ್ರೆ ನೀನೇ ಕಣಯ್ಯಾ, ಹೇಳು" ಎಂದು ಹುಟ್ಟನ್ನು ನನ್ನ ಕೈಗೆ ಕೊಟ್ಟರು. ಮಣಿ ಅವರ ಹಿಂದೆಯೇ ಹಾರಿತು. "ನಾಯಿನೂ ಸೇರಿಸಿ ಹೇಳಿ ಸ್ವಾಮಿ, ಅದಕ್ಕೂ ಜೀವ ಐತಲ್ಲ" ಎಂದಳು ಸಾಕಮ್ಮ. ನಾನು ಮೊಣಕಾಲುದ್ದ ನೀರಿನಲ್ಲಿ ನಿಂತು, ಬಂಡಲ್ ಎಣಿಸುವಾಗ ಮಾಡುವಂತೆ ಬೆರಳು ತೋರಿಸಿ ಭಾವನನ್ನು ಎಣಿಸಿದೆ, ನಾಯಿಯನ್ನು ಎಣಿಸಿದೆ, ಮೂರು ಸಲ ನೀರು ತಟ್ಟಿ, "ಎರಡು ತಲೆ ತಾಯಿ" ಎಂದು ಸ್ಪಷ್ಟವಾಗಿ ಹೇಳಿದೆ. ಆಮೇಲೆ ತೆಪ್ಪವನ್ನು ನೂಕಿ ನಾನೂ ಹತ್ತಿ ಕೂತೆ.

ಆ ದಿನ ಮೋಡ ಕವಿದಿತ್ತು. ಗಾಳಿ ಇರಲಿಲ್ಲ. ಸ್ವಲ್ಪ ಒಳಗೆ ಹೋದ ಮೇಲೆ ನೀರೆಲ್ಲಿ ಮುಗಿದು ಆಕಾಶ ಎಲ್ಲಿ ಶುರುವಾಗುತ್ತದೆ ಎಂಬುದೇ ತಿಳಿಯದ ಹಾಗೆ ಎಲ್ಲ ಒಂದೇ ಬೂದುಬಣ್ಣವಾಯಿತು. ಏರಿಯ ಮೇಲೆ ಹೋಗುವ ಲಾರಿಗಳು ಕಾಣುತ್ತಿದ್ದವು, ಸದ್ದು ಮಾತ್ರ ನಮ್ಮವರೆಗೆ ಬರುತ್ತಿರಲಿಲ್ಲ. ಭಾವ ಗಾಳ ಹಾಕಿದ್ದೇ ತಡ, ಅಂಗೈಯಗಲದ ಜಿಲೇಬಿ ಮೀನು ಬಂತು. ಮತ್ತೆ ಹಾಕಿದರು, ಮತ್ತೆ ಬಂತು. ಪಕ್ಕದಲ್ಲೇ ಇಳಿಬಿಟ್ಟ ನನ್ನ ಗಾಳ ಮಾತ್ರ ಅಲುಗಲಿಲ್ಲ. ಎಳೆದು ನೋಡಿದರೆ ಎರೆಹುಳು ಹೋದ ಹಾಗೇ ವಾಪಸ್ಸು ಬಂದಿತ್ತು. ಯಾರೂ ಮೂಸಿಯೂ ನೋಡಿರಲಿಲ್ಲ. ಬೇಸರಕ್ಕೆ "ಮಣೀ" ಎಂದು ಕರೆದೆ. ನಾಯಿ ತಲೆಯೆತ್ತಿ ನನ್ನ ಕಡೆ ನೋಡಿತು. ನನ್ನ ಕಡೆ ಎಂದೆ, ನನ್ನನ್ನು ಎನ್ನಲಾರೆ. ನನ್ನ ಹಿಂದಿದ್ದ ನೀರನ್ನು ಅದು ನೋಡುತ್ತಿತ್ತು, ನಡುವೆ ಏನೂ ಇಲ್ಲವೆಂಬಂತೆ.

"ನೀನ್ಯಾಕೋ ಇಷ್ಟು ನತದೃಷ್ಟ?" ಎಂದು ಭಾವ ನಕ್ಕರು. "ಅಲ್ಲಾ, ದಡದಲ್ಲಿ ಎರಡು ಅಂದ್ಯಲ್ಲ, ಯಾರ್ಯಾರು?"

"ನೀವು, ಮಣಿ…"

ಭಾವ ಕಾದರು. ನಾನೂ ಕಾದೆ. ಪಟ್ಟಿ ಅಲ್ಲಿಗೆ ಮುಗಿದಿತ್ತು.

"ನೀನು?"

ಭಾವ ಹೊಟ್ಟೆ ಹಿಡಿದುಕೊಂಡು ನಕ್ಕರು. "ಹೆದರಬೇಡ ಕಣೋ, ನಿನ್ನ ಲಗೇಜು ಅಂತ ತೋರಿಸಿ ಇಳಿಸ್ಕೊಳ್ತೀನಿ!" ಆಗ ತೆಪ್ಪದ ಅಡಿಯಲ್ಲಿ ಏನೋ ಮೆಲ್ಲಗೆ ಉಜ್ಜಿಕೊಂಡು ಹೋಯಿತು. ಯಾರೋ ಕತ್ತಲಲ್ಲಿ ಕೈಯಾಡಿಸಿ ಸಾಮಾನು ಹುಡುಕುವ ಹಾಗೆ ಈ ಅಂಚಿನಿಂದ ಆ ಅಂಚಿಗೆ ಹೋಗಿ, ನಾನು ಕೂತ ಜಾಗದ ಕೆಳಗೆ ಬಂದು ನಿಂತಿತು. ಭಾವನ ನಗು ಅರ್ಧಕ್ಕೇ ನಿಂತಿತು. ಮಣಿ ಎದ್ದು, ಬಾಲ ಮಡಚಿಕೊಂಡು ಭಾವನ ತೊಡೆಗೆ ಒತ್ತಿ ಕೂತಿತು. ಭಾರವೆಲ್ಲ ಅವರ ಕಡೆಗಿದ್ದರೂ ತೆಪ್ಪ ನನ್ನ ಕಡೆಗೇ ವಾಲಿತು.

"ವಾಪಸ್ ಹೋಗಿ ಸರಿಯಾಗಿ ಹೇಳಿ ಬರೋಣ ಭಾವ" ಎಂದೆ. ಭಾವ ಹುಟ್ಟು ಹಾಕಿದರು. ತೆಪ್ಪ ಗಿರಗಿರನೆ ಸುತ್ತಿತು. ಒಂದು ಸುತ್ತಿಗೆ ಏರಿ, ಒಂದು ಸುತ್ತಿಗೆ ಸಾಕಮ್ಮ, ಒಂದು ಸುತ್ತಿಗೆ ಬರೀ ಬೂದು. ಭಾವ "ಸಾಕಮ್ಮೋ!" ಎಂದು ಕೂಗಿದರು. ಅವಳು ದಡದಿಂದ ಕೈಯೆತ್ತಿದಳು. ನಾನೂ ಕೂಗಿದೆ, ಪ್ರಾಣ ಹೋಗುವಂತೆ ಕೂಗಿದೆ. ಅವಳು ತಲೆ ತಗ್ಗಿಸಿ ಬಲೆ ಬಿಡಿಸುತ್ತಲೇ ಇದ್ದಳು.

ಇಂಥ ಹೊತ್ತಿನಲ್ಲಿ ಮನುಷ್ಯನಿಗೆ ದೇವರ ನೆನಪಾಗಬೇಕು. ನನಗೆ ಸ್ಟಾಕಿನ ನಿಯಮ ನೆನಪಾಯಿತು. ಲೆಕ್ಕಕ್ಕೆ ಬಾರದ ವಸ್ತುವನ್ನು ಲೆಕ್ಕದಲ್ಲಿರುವ ವಸ್ತುವಿಗೆ ಕಟ್ಟಿಬಿಟ್ಟರೆ ಎರಡೂ ಒಟ್ಟಿಗೆ ಗೇಟು ದಾಟುತ್ತವೆ. ಮಣಿಯ ಚೈನನ್ನು ನನ್ನ ಕೈಗೆ ಸುತ್ತಿಕೊಂಡು ಬಿಗಿಯಾಗಿ ಹಿಡಿದು ಕೂತೆ. ಎಷ್ಟು ಹೊತ್ತು ಸುತ್ತಿದೆವೋ, ಕೊನೆಗೆ ತೆಪ್ಪ ಹೇಗೋ ದಡ ಮುಟ್ಟಿತು. ಮಣಿ ಹಾರಿತು, ಅದರ ಹಿಂದೆ ನಾನು ಮುಖ ಅಡಿಯಾಗಿ ಕೆಸರಿಗೆ ಬಿದ್ದೆ. ಅಷ್ಟು ಸಂತೋಷದಿಂದ ನಾನು ಜೀವನದಲ್ಲಿ ಇನ್ನೆಲ್ಲೂ ಬಿದ್ದಿಲ್ಲ.

ಸಾಕಮ್ಮ ಭಾವನನ್ನು ನೋಡಿದಳು, ನಾಯಿಯನ್ನು ನೋಡಿದಳು. "ಎರಡು. ಸರಿಯಾಗೈತೆ" ಎಂದಳು.

"ನಾನು?" ಎಂದೆ, ಬಾಯಿಂದ ಕೆಸರು ಒರೆಸಿಕೊಳ್ಳುತ್ತಾ.

"ಹೇಳಿದ್ರಾ?" ಎಂದಳು.

ಅಷ್ಟೇ ಆಗಿದ್ದರೆ ಮರೆತುಬಿಡುತ್ತಿದ್ದೆ. ಆದರೆ ಮಣಿ ದಡ ಬಿಟ್ಟು ಬರಲೇ ಇಲ್ಲ. ಕೆರೆಯ ಕಡೆ ಮುಖ ಮಾಡಿ ಕೂತು, ಮೆಲ್ಲಗೆ ಬಾಲ ಆಡಿಸುತ್ತಾ, ಹಿಂದೆ ಉಳಿದ ಯಾರಿಗೋ ಕಾಯುವಂತೆ ನೀರನ್ನೇ ನೋಡುತ್ತಿತ್ತು. ಸಂಜೆ ನಾನು ಪ್ರೆಸ್ಸಿನಿಂದ ಬರುವಾಗ ಅದು ಗೇಟಿನಲ್ಲಿ ಕಾಯುವುದು ಹೀಗೆಯೇ. ಭಾವ ಎತ್ತಿಕೊಂಡೇ ಸ್ಕೂಟರಿನವರೆಗೆ ತರಬೇಕಾಯಿತು. ಮನೆಯಲ್ಲಿ ಅಕ್ಕ ಮೀನು ಕಂಡು ಬೆರಗಾಗಿ, ಸಾರು ಮಾಡಿ, ಭಾವನಿಗೊಂದು ತಟ್ಟೆ, ತನಗೊಂದು ತಟ್ಟೆ, ಮಣಿಯ ಬಟ್ಟಲು ಇಟ್ಟು ಬಡಿಸಲು ಕೂತಳು. ನಾನು ಕೆಮ್ಮಿದೆ. "ಅಯ್ಯೋ, ನೀನಿದೀಯಾ! ಎಲ್ಲೋ ಹೋಗಿದೀಯ ಅನ್ಕೊಂಡೆ ಕಣೋ" ಎಂದಳು.

ಮುಂದಿನ ಭಾನುವಾರ ತೆಂಗಿನಕಾಯಿ ಹಿಡಿದುಕೊಂಡು ಒಬ್ಬನೇ ಕುಣಿಗಲ್ ಬಸ್ಸು ಹತ್ತಿದೆ. ಕಂಡಕ್ಟರು ನನ್ನ ಹಿಂದಿನವರಿಗೆ ಟಿಕೆಟ್ ಕೊಟ್ಟ, ಮುಂದಿನವರಿಗೆ ಕೊಟ್ಟ. ನಾನು ಅವನ ಅಂಗಿ ಜಗ್ಗಿ ಕೇಳಿ ತೆಗೆದುಕೊಳ್ಳಬೇಕಾಯಿತು. ಸಾಕಮ್ಮ ಅದೇ ಜಾಗದಲ್ಲಿದ್ದಳು. ಲೆಕ್ಕ ತಿದ್ದಿಸಬೇಕಿತ್ತು ಎಂದೆ. ಅವಳಿಗೆ ಆಶ್ಚರ್ಯವೇನೂ ಆಗಲಿಲ್ಲ. ಹುಟ್ಟನ್ನು ನನ್ನ ಕೈಗೆ ಕೊಟ್ಟು, "ಈಗ ಸರಿಯಾಗಿ ಹೇಳಿ. ಎಷ್ಟು ತಲೆ?" ಎಂದಳು.

"ಒಂದು" ಎಂದೆ.

"ಯಾವ್ದು ಸ್ವಾಮಿ? ಈಗ ಬಂದಿರೋದಾ, ಇಲ್ಲಿರೋದಾ?"

ಕೆರೆಯ ಕಡೆ ನೋಡಿದೆ. ನೀರು ಅಲುಗಲಿಲ್ಲ. ಕೊನೆಗೆ, ಕಡಿಮೆ ಹೇಳಿ ಒಮ್ಮೆ ಕೆಟ್ಟವನು ಈ ಸಲ ಹೆಚ್ಚೇ ಹೇಳಿಬಿಡೋಣ ಎಂದು ನೀರು ತಟ್ಟಿ, "ಎರಡು, ತಾಯಿ" ಎಂದೆ. ಸಾಕಮ್ಮ ಕಾಯಿ ಒಡೆದು ಅರ್ಧ ನನಗೆ ಕೊಟ್ಟು, "ಹೋಗ್ಬನ್ನಿ" ಎಂದಳು. ಎಲ್ಲರೂ ಹೇಳುವ ಮಾತೇ, ಆದರೆ ಅದನ್ನು ಹೇಳುವಾಗ ಅವಳು ಎರಡು ಕಡೆ ನೋಡಿದಳು.

ವಾಪಸ್ಸು ಬರುವ ಬಸ್ಸು ಖಾಲಿ ಇತ್ತು. ಇಬ್ಬರು ಕೂರುವ ಸೀಟಿನಲ್ಲಿ ಒಬ್ಬನೇ ಆರಾಮಾಗಿ ಕಾಲು ಚಾಚಿ ಕೂತಿದ್ದೆ. ಈ ಸಲ ಕಂಡಕ್ಟರು ತಾನಾಗಿಯೇ ನನ್ನ ಹತ್ತಿರ ಬಂದ. ಎಲ್ಲಿಗೆ ಎಂದಷ್ಟೇ ಕೇಳಿ, ತುಮಕೂರು ಎಂದಕೂಡಲೇ ಎರಡು ಟಿಕೆಟ್ ಹರಿದು ಕೈಗಿಟ್ಟ. ಲೆಕ್ಕದ ವಿಷಯದಲ್ಲಿ ನಾನು ಯಾರನ್ನೂ ಸುಮ್ಮನೆ ಬಿಟ್ಟವನಲ್ಲ. ಆದರೆ ಅವತ್ತು ಜಗಳವಾಡಲಿಲ್ಲ. ದುಡ್ಡು ಕೊಟ್ಟು, ಕಾಲು ಮಡಚಿಕೊಂಡು, ಕಿಟಕಿಯ ಕಡೆಗೆ ಸ್ವಲ್ಪ ಸರಿದು ಕೂತೆ.